ಕಂಪನಿ ಹೆಸರಿಗಿಂತ ಮೊದಲು ಸೀಟಿನ ಸಾಲು ನೋಡಿ

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಘಟಕ. ಬರುವ ತಿಂಗಳು ಲಂಡನ್ನಿನಲ್ಲಿ ನಾಲ್ಕು ದಿನ, ಆಮೇಲೆ ನ್ಯೂಯಾರ್ಕಿನಲ್ಲಿ ಮೂರು ದಿನ ಕೆಲಸವಿದೆ. ಬೆಂಗಳೂರು–ಲಂಡನ್ ಹೋಗಿಬರುವ ಟಿಕೆಟ್ ಎಕಾನಮಿಯಲ್ಲಿ ಆಗಲೇ ಆಗಿದೆ. ನನಗೆ 56 ವರ್ಷ, ಸೊಂಟ ನೋವು. ಲಂಡನ್–ನ್ಯೂಯಾರ್ಕ್ ಆದರೂ ಬಿಸಿನೆಸ್ ಕ್ಲಾಸಿನಲ್ಲಿ ಹೋಗಪ್ಪಾ ಅಂತ ಮಗಳು ಹಟ ಹಿಡಿದಿದ್ದಾಳೆ. ಏಜೆಂಟರು ಬ್ರಿಟಿಷ್ ಏರ್‌ವೇಸ್, ವರ್ಜಿನ್ ಅಟ್ಲಾಂಟಿಕ್, ಜೆಟ್‌ಬ್ಲೂ ಮೂರರ ದರ ಕೊಟ್ಟಿದ್ದಾರೆ. ಯಾವುದು ಒಳ್ಳೇದು? ಸ್ಯಾಂಪಲ್ ತುಂಬಿದ ಬ್ಯಾಗು ಎರಡಿವೆ.

ಉತ್ತರ: ಬಳ್ಳಾರಿಯಿಂದ ಬೆಂಗಳೂರಿಗೆ ಸ್ಲೀಪರ್ ಬಸ್ಸಿನಲ್ಲಿ ನೀವು ಎಷ್ಟೋ ಸಲ ಹೋಗಿರುತ್ತೀರಿ. ಟಿಕೆಟ್ ಮಾಡುವಾಗ ಮೊದಲು ಏನು ನೋಡುತ್ತೀರಿ? ಸಿಂಗಲ್ ಬರ್ತ್ ಖಾಲಿ ಇದೆಯಾ ಅಂತ, ಅಲ್ವಾ? ಡಬಲ್ ಬರ್ತಿನಲ್ಲಿ ಕಿಟಕಿ ಕಡೆ ಸಿಕ್ಕಿಕೊಂಡರೆ ರಾತ್ರಿ ಎದ್ದು ಹೋಗಲು ಪಕ್ಕದವರನ್ನು ದಾಟಬೇಕು. ವಿಮಾನದ ಬಿಸಿನೆಸ್ ಕ್ಲಾಸಿನಲ್ಲೂ ಇದೇ ಲೆಕ್ಕ. ಸೊಂಟ ನೋವಿರುವವರಿಗಂತೂ ಇದೇ ಮುಖ್ಯ.

ಬ್ರಿಟಿಷ್ ಏರ್‌ವೇಸ್‌ನಲ್ಲಿ ಎರಡು ತರಹದ ಬಿಸಿನೆಸ್ ಸೀಟು ಇವೆ. 2019ರಲ್ಲಿ ಬಂದ ಕ್ಲಬ್ ಸೂಟ್‌ಗೆ ಬಾಗಿಲಿದೆ. ಸಾಲಿಗೆ ನಾಲ್ಕೇ ಸೀಟು, ಎಲ್ಲರಿಗೂ ನೇರವಾಗಿ ಓಡಾಡುವ ದಾರಿ. ಹಳೇ ಸೀಟು ಇರುವ ವಿಮಾನದಲ್ಲಿ ಸಾಲಿಗೆ ಏಳೆಂಟು ಸೀಟು. ಕಿಟಕಿ ಪಕ್ಕದವರು ಮಲಗಿರುವವರ ಕಾಲು ದಾಟಿಯೇ ಹೊರಬರಬೇಕು. ಎರಡೂ ಬಿಸಿನೆಸ್ ಕ್ಲಾಸೇ. ದರ ನೋಡಿ ಯಾವುದು ಯಾವುದು ಅಂತ ಹೇಳಲು ಆಗುವುದಿಲ್ಲ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಹೊಸಪೇಟೆಯ ಹಿರಿಯರೊಬ್ಬರಿಗೆ ಕಂಪನಿಯ ಹೆಸರು ನಂಬಿ ಟಿಕೆಟ್ ಮಾಡಿಕೊಟ್ಟಿದ್ದೆ. ಮಂಡಿ ಆಪರೇಷನ್ ಆದವರು. ಪಕ್ಕದವರನ್ನು ಎಬ್ಬಿಸಲು ಸಂಕೋಚಪಟ್ಟು ರಾತ್ರಿಯಿಡೀ ನೀರೇ ಕುಡಿಯಲಿಲ್ಲವಂತೆ. ಅದು ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ. ಅದಕ್ಕೇ ಹೇಳುವುದು, ದುಡ್ಡು ಕೊಡುವ ಮುಂಚೆ ಏಜೆಂಟರ ಹತ್ತಿರ ಸೀಟ್ ಮ್ಯಾಪ್ ತೆರೆಸಿ ಎಣಿಸಿ. ಸಾಲಿನಲ್ಲಿ ಒಂದು, ಎರಡು, ಒಂದು ಅಂತ, ಅಂದರೆ ಕಿಟಕಿ ಕಡೆ ಒಂದೊಂದು, ಮಧ್ಯೆ ಎರಡು ಇದ್ದರೆ ಸರಿ. ಅದರಲ್ಲೂ ಕಿಟಕಿ ಕಡೆಯ ಒಂಟಿ ಸೀಟೇ ಕೇಳಿ.

ವರ್ಜಿನ್ ಅಟ್ಲಾಂಟಿಕ್ ತನ್ನ ಬಿಸಿನೆಸ್ ಕ್ಲಾಸನ್ನು ಅಪ್ಪರ್ ಕ್ಲಾಸ್ ಅಂತ ಕರೆಯುತ್ತದೆ. ಅದರಲ್ಲಿ ಎಲ್ಲ ಸೀಟಿಗೂ ದಾರಿ ಇದೆ. ಎ350, ಎ330ನಿಯೋ ವಿಮಾನ ಸಿಕ್ಕರೆ ಸೀಟು ಹೊಸದು. ಜೆಟ್‌ಬ್ಲೂ ಲಂಡನ್–ನ್ಯೂಯಾರ್ಕ್ ನಡುವೆ ಹಾರಲು ಶುರುಮಾಡಿದ್ದು 2021ರಲ್ಲಿ. ವಿಮಾನ ಚಿಕ್ಕದು, ಮಧ್ಯೆ ಒಂದೇ ದಾರಿ. ಆದರೆ ಅದರ ಮಿಂಟ್ ಕ್ಲಾಸಿನಲ್ಲಿ 24 ಸೀಟು ಮಾತ್ರ, ಆ ಕಡೆ ಒಂದು ಈ ಕಡೆ ಒಂದು. ಎಲ್ಲರಿಗೂ ಕಿಟಕಿ, ಎಲ್ಲರಿಗೂ ದಾರಿ, ಬಾಗಿಲೂ ಇದೆ. ಬರೀ ಸೀಟು ನೋಡಿದರೆ ನನಗೆ ಇದು ತುಂಬಾ ಇಷ್ಟ. ಕೊರತೆ ಅಂದರೆ ಬ್ರಿಟಿಷ್ ಏರ್‌ವೇಸ್‌ನಷ್ಟು ವಿಮಾನಗಳು ದಿನಕ್ಕೆ ಇಲ್ಲ. ಒಂದು ರದ್ದಾದರೆ ಅದೇ ದಿನ ಇನ್ನೊಂದರಲ್ಲಿ ಜಾಗ ಸಿಗುವುದು ಕಷ್ಟ.

ಈಗ ನಿಮ್ಮ ದುಡ್ಡಿನ ವಿಷಯ. ಎರಡೂ ಕಡೆಗೆ ಬಿಸಿನೆಸ್ ಬೇಕಾ ಅಂತ ಒಮ್ಮೆ ಯೋಚಿಸಿ. ಲಂಡನ್ನಿನಿಂದ ನ್ಯೂಯಾರ್ಕಿಗೆ ಹೆಚ್ಚಿನ ವಿಮಾನಗಳು ಹಗಲು ಹೊತ್ತಿನವು. ಸುಮಾರು ಎಂಟು ಗಂಟೆ. ಅಷ್ಟು ಹೊತ್ತು ನೀವು ಎಚ್ಚರವೇ ಇರುತ್ತೀರಿ. ಬರುವಾಗ ಹಾಗಲ್ಲ. ಸಂಜೆಯೋ ರಾತ್ರಿಯೋ ಹೊರಟು ಬೆಳಗ್ಗೆ ಇಳಿಯುತ್ತೀರಿ. ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಏಳು ಗಂಟೆಯೊಳಗೇ ಮುಗಿಯುತ್ತದೆ. ಊಟ, ತಿಂಡಿ ಕಳೆದರೆ ನಿದ್ದೆಗೆ ಸಿಗುವುದು ನಾಲ್ಕು ಗಂಟೆ. ಆ ನಾಲ್ಕು ಗಂಟೆ ಬೆನ್ನು ಚಾಚಿ ಮಲಗಲು ಸಿಗಬೇಕು. ಅದಕ್ಕೇ ಹೋಗುವಾಗ ಪ್ರೀಮಿಯಂ ಎಕಾನಮಿ (ಎಕಾನಮಿಗಿಂತ ಮೇಲಿನ, ಬಿಸಿನೆಸ್ಸಿಗಿಂತ ಕೆಳಗಿನ ಕ್ಲಾಸು), ಬರುವಾಗ ಬಿಸಿನೆಸ್ ಹಾಕಿ ಒಂದೇ ಟಿಕೆಟಿನ ದರ ಕೇಳಿ. ಒಂದೊಂದು ಕಡೆಯದ್ದು ಬಿಡಿಯಾಗಿ ತೆಗೆದರೆ ಎಷ್ಟೋ ಸಲ ಜಾಸ್ತಿ ಬೀಳುತ್ತದೆ.

ಬರುವಾಗ ಸಂಜೆ ಆರರ ವಿಮಾನಕ್ಕಿಂತ ರಾತ್ರಿ ಹತ್ತರ ಸುಮಾರಿನದ್ದು ತಗೊಳ್ಳಿ, ನಿದ್ದೆ ತಾನಾಗಿ ಬರುತ್ತದೆ. ಲೌಂಜಿನಲ್ಲೇ ಊಟ ಮುಗಿಸಿ. ಹತ್ತಿದ ಕೂಡಲೇ ಸಿಬ್ಬಂದಿಗೆ 'ಇಳಿಯುವವರೆಗೆ ಎಬ್ಬಿಸಬೇಡಿ' ಅಂತ ಹೇಳಿಬಿಡಿ.

ಬ್ರಿಟನ್ನಿನಿಂದ ಹೊರಡುವ ವಿಮಾನಕ್ಕೆ ಅಲ್ಲಿನ ಸರ್ಕಾರದ ಪ್ರಯಾಣ ಸುಂಕ ಇದೆ. ನ್ಯೂಯಾರ್ಕಿನಷ್ಟು ದೂರಕ್ಕೆ ಎಕಾನಮಿ ಬಿಟ್ಟು ಬೇರೆ ಯಾವ ಕ್ಲಾಸಾದರೂ ಅದು 200 ಪೌಂಡ್ ದಾಟುತ್ತದೆ. ಪ್ರೀಮಿಯಂ ಎಕಾನಮಿಗೂ ಬಿಸಿನೆಸ್ಸಿಗೂ ಒಂದೇ ಸುಂಕ. ಏಜೆಂಟರ ದರದಲ್ಲಿ ಇದು ಸೇರಿದೆಯಾ ಕೇಳಿಕೊಳ್ಳಿ.

ಟಿಕೆಟಿನಲ್ಲಿ 'ಆಪರೇಟೆಡ್ ಬೈ', ಅಂದರೆ ನಿಜವಾಗಿ ವಿಮಾನ ಹಾರಿಸುವವರು ಯಾರು ಅನ್ನುವ ಸಾಲನ್ನೂ ಓದಿ. ಬ್ರಿಟಿಷ್ ಏರ್‌ವೇಸ್ ನಂಬರಿನ ಟಿಕೆಟಿಗೆ ಅಮೆರಿಕನ್ ಏರ್‌ಲೈನ್ಸ್ ವಿಮಾನ, ವರ್ಜಿನ್ ನಂಬರಿಗೆ ಡೆಲ್ಟಾ ವಿಮಾನ ಬರಬಹುದು. ಆಗ ನೀವು ಎಣಿಸಿದ ಸೀಟಿನ ಲೆಕ್ಕವೇ ಬದಲಾಗುತ್ತದೆ. ವಿಮಾನ ತಡವಾದರೆ ಸಿಗುವ ಪರಿಹಾರದ ಹಣವೂ ಬದಲಾಗುತ್ತದೆ. ಲಂಡನ್ನಿನಿಂದ ಹೊರಡುವ ಎಲ್ಲ ವಿಮಾನಕ್ಕೂ ಬ್ರಿಟನ್ನಿನ ಪರಿಹಾರ ಕಾಯ್ದೆ ಇದೆ. ನ್ಯೂಯಾರ್ಕಿನಿಂದ ಬರುವಾಗ ವಿಮಾನ ಹಾರಿಸುವ ಕಂಪನಿ ಬ್ರಿಟನ್ನಿನದ್ದೋ ಯುರೋಪಿನದ್ದೋ ಆಗಿದ್ದರೆ ಮಾತ್ರ. ಕಂಪನಿಯ ತಪ್ಪಿನಿಂದ ನಾಲ್ಕು ಗಂಟೆಗಿಂತ ಜಾಸ್ತಿ ತಡವಾಗಿ ತಲುಪಿದರೆ 520 ಪೌಂಡ್ ಸಿಗುತ್ತದೆ. ಬಿರುಗಾಳಿ, ಹಿಮಕ್ಕೆ ಸಿಗುವುದಿಲ್ಲ. ಜೆಟ್‌ಬ್ಲೂ ಅಮೆರಿಕದ ಕಂಪನಿ, ಬರುವ ದಾರಿಯಲ್ಲಿ ಈ ರಕ್ಷಣೆ ಇರುವುದಿಲ್ಲ.

ನನಗೆ ನಿಜವಾಗಿ ಭಯ ಇರುವುದು ನಿಮ್ಮ ಎರಡು ಬೇರೆ ಬೇರೆ ಟಿಕೆಟ್ ಬಗ್ಗೆ. ನ್ಯೂಯಾರ್ಕಿನ ವಿಮಾನ ತಡವಾಗಿ ಬೆಂಗಳೂರಿನದ್ದು ತಪ್ಪಿದರೆ ಆ ಕಂಪನಿ ನಿಮಗೆ ಇನ್ನೊಂದು ಸೀಟು ಕೊಡಬೇಕೆಂದೇನೂ ಇಲ್ಲ. ಬರುವಾಗ ಲಂಡನ್ನಿನಲ್ಲಿ ಒಂದು ರಾತ್ರಿ ಉಳಿಯಿರಿ. ಹೋಟೆಲ್ ಖರ್ಚು ಹೊಸ ಟಿಕೆಟಿಗಿಂತ ಎಷ್ಟೋ ಕಡಿಮೆ. ಬ್ಯಾಗಿನದ್ದೂ ಇದೇ ಕಥೆ. ಅಟ್ಲಾಂಟಿಕ್ ಮೇಲೆ ಬಿಸಿನೆಸ್ ಕ್ಲಾಸಿಗೆ 32 ಕೆಜಿಯ ಎರಡು ಬ್ಯಾಗು ಬಿಡುತ್ತಾರೆ. ಎಕಾನಮಿಯಲ್ಲಿ ಸಾಮಾನ್ಯವಾಗಿ ಬ್ಯಾಗಿಗೆ 23 ಕೆಜಿ. ಜೀನ್ಸ್ ತೂಕ ನಿಮಗೆ ಹೇಳಬೇಕಿಲ್ಲ. ಬಳ್ಳಾರಿಯಲ್ಲೇ ತೂಗಿ 23ರೊಳಗೆ ಕಟ್ಟಿಕೊಳ್ಳಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಕ್ಲಬ್ ಸೂಟ್ ಇರುವ ಬ್ರಿಟಿಷ್ ಏರ್‌ವೇಸ್ ವಿಮಾನವನ್ನೇ ಹಿಡಿಯುತ್ತಿದ್ದೆ. ಒಂದು ತಪ್ಪಿದರೆ ಇನ್ನೊಂದಿದೆ ಅನ್ನುವ ಧೈರ್ಯಕ್ಕೆ. ವರ್ಜಿನ್ ದರ ಕಡಿಮೆ ಇದ್ದರೆ ಸುಮ್ನೆ ಅದನ್ನೇ ಮಾಡಿಸಿ, ನಷ್ಟವೇನಿಲ್ಲ.

ಪ್ರಶ್ನೆ: ನಾವು ಗಂಗಾವತಿಯವರು. ಅಮ್ಮನಿಗೆ 68. ಬಾಸ್ಟನ್ನಿನಲ್ಲಿರುವ ತಮ್ಮ ಫ್ರಾಂಕ್‌ಫರ್ಟ್ ಮೇಲೆ ಬಿಸಿನೆಸ್ ಟಿಕೆಟ್ ಮಾಡಿದ್ದಾನೆ. ಅಮ್ಮ ಈರುಳ್ಳಿ, ಬೆಳ್ಳುಳ್ಳಿ ತಿನ್ನಲ್ಲ. ಊಟಕ್ಕೆ 'ಹಿಂದೂ ಮೀಲ್' ಅಂತ ಹಾಕಿಸಿದರೆ ಸಾಕಾ?

ಉತ್ತರ: ದಯವಿಟ್ಟು ಬೇಡ. ವಿಮಾನದ ಭಾಷೆಯಲ್ಲಿ ಹಿಂದೂ ಮೀಲ್ ಅಂದರೆ ಸಾಮಾನ್ಯವಾಗಿ ದನದ ಮಾಂಸ ಇಲ್ಲದ ಊಟ ಅಷ್ಟೇ. ಕೋಳಿ, ಕುರಿ, ಮೀನು ಇರಬಹುದು. ನಮ್ಮ ಕಡೆಯ ಸಸ್ಯಾಹಾರಕ್ಕೆ 'ಏಷ್ಯನ್ ವೆಜಿಟೇರಿಯನ್' ಕೇಳಬೇಕು. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ. ನಿಮ್ಮ ಅಮ್ಮನಿಗೆ ಸರಿಹೋಗುವುದು 'ಜೈನ್ ಮೀಲ್'. ಎರಡೂ ವಿಮಾನಗಳಿಗೆ ಬೇರೆ ಬೇರೆಯಾಗಿ, ಹೊರಡುವ 24 ಗಂಟೆ ಮುಂಚೆ ಹಾಕಿಸಿ. ಬಿಸಿನೆಸ್ ಕ್ಲಾಸ್ ಅಂತ ಹತ್ತಿದ ಮೇಲೆ ಕೇಳಿದರೆ ಸಿಗುವುದಿಲ್ಲ.

ಟಿಕೆಟ್ ಜರ್ಮನಿಯ ಲುಫ್ಟಾನ್ಸಾ ಕಂಪನಿಯದ್ದಾಗಿದ್ದರೆ ಅದರ ಹಳೇ ವಿಮಾನಗಳಲ್ಲಿ ಇಬ್ಬಿಬ್ಬರ ಜೋಡಿ ಸೀಟು. ಅಮ್ಮನಿಗೆ ದಾರಿ ಪಕ್ಕದ್ದೇ ಹಾಕಿಸಿ.

ಕೈಚೀಲದಲ್ಲಿ ನಾಲ್ಕು ಖಡಕ್ ರೊಟ್ಟಿ ಇರಲಿ. ಉಪ್ಪಿನಕಾಯಿ, ಮೊಸರು ಕೈಚೀಲದಲ್ಲಿ ಬೇಡ, ತಪಾಸಣೆಯಲ್ಲಿ ತೆಗೆಸುತ್ತಾರೆ. ರೊಟ್ಟಿ ಉಳಿದಿದ್ದರೆ ಬಾಸ್ಟನ್ನಿನಲ್ಲಿ ಇಳಿದಾಗ ಅಧಿಕಾರಿ ಕೇಳಿದರೆ ಮುಚ್ಚಿಡದೆ 'ಇದೆ' ಅಂತ ಹೇಳಲು ಅಮ್ಮನಿಗೆ ಈಗಲೇ ತಿಳಿಸಿ.