‘ನಂಬಿಕೆಯಿಂದಲೇ ರಕ್ಷಣೆ’ ಲೇಖನದ ಬಗ್ಗೆ

ಪ್ರಿಯ ಸಹೋದರಿ, ಕ್ರಿಸ್ತನಲ್ಲಿ ವಂದನೆಗಳು.

ನೀವು ಕಳಿಸಿದ ‘ನಂಬಿಕೆಯಿಂದಲೇ ರಕ್ಷಣೆ’ ಓದಿದೆ. ಈಗ ಇರುವ ಹಾಗೆ ಪತ್ರಿಕೆಯಲ್ಲಿ ಹಾಕೋಕೆ ಆಗುವುದಿಲ್ಲ. ಆದರೆ ನೀವು ಇದನ್ನು ತಿದ್ದಿ ಮತ್ತೆ ಕಳಿಸಬೇಕು ಅನ್ನುವ ಆಸೆ ನನಗಿದೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನನ್ನ ದೊಡ್ಡ ತಕರಾರು ಇದು. ಮೊದಲ ಪುಟದಲ್ಲಿ ಬೈಬಲಿನ ಎಫೆಸದವರಿಗೆ ಬರೆದ ಪತ್ರದ 2:8-9 ಹಿಡಿದು, ರಕ್ಷಣೆ ದೇವರ ವರ, ನಮ್ಮ ಸಂಪಾದನೆಯಲ್ಲ ಅಂತ ಚೆನ್ನಾಗಿಯೇ ಹೇಳಿದ್ದೀರಿ. ಎರಡನೇ ಪುಟದಲ್ಲಿ ‘ಎಳ್ಳಷ್ಟೂ ಸಂಶಯವಿಲ್ಲದೆ ನಂಬಿದವರಿಗೆ ಮಾತ್ರ’ ಅಂದುಬಿಟ್ಟಿರಿ. ಅಲ್ಲಿಗೆ ವರ ಹೋಗಿ ಕೂಲಿ ಆಯಿತು, ಅಲ್ವಾ? ಉಪವಾಸ, ದಾನ ಇದ್ದ ಜಾಗದಲ್ಲಿ ನಂಬಿಕೆಯನ್ನು ಕೂರಿಸಿದ್ದೀರಿ, ಅಷ್ಟೇ. ನಮ್ಮನ್ನು ರಕ್ಷಿಸುವುದು ನಮ್ಮ ನಂಬಿಕೆಯ ಗಟ್ಟಿತನವಲ್ಲ, ಕ್ರಿಸ್ತ. ನಂಬಿಕೆ ಅಂದರೆ ಆತನ ಮುಂದೆ ಚಾಚಿದ ಬರಿಗೈ. ಅದು ನಡುಗುತ್ತಿದ್ದರೂ ಕೊಡುವವನು ಕೊಡುತ್ತಾನೆ. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ಆ ತಂದೆಯನ್ನು ನೋಡಿ. ನಂಬುತ್ತೇನೆ ಅಂದವನೇ, ನನ್ನ ಅಪನಂಬಿಕೆಯನ್ನು ನೋಡಿ ಸಹಾಯ ಮಾಡು ಅಂತ ಕೂಗಿಕೊಂಡ. ಯೇಸು ಅವನನ್ನು ವಾಪಸ್ ಕಳಿಸಲಿಲ್ಲ, ಹುಡುಗನನ್ನು ವಾಸಿಮಾಡಿದನು. ನಮ್ಮ ಓದುಗರಲ್ಲಿ ಆಸ್ಪತ್ರೆಯ ಮಂಚದ ಮೇಲೆ ಮಲಗಿ ಓದುವವರಿದ್ದಾರೆ, ರಾತ್ರಿಯೆಲ್ಲ ಸಂಶಯದಲ್ಲಿ ಒದ್ದಾಡುವವರಿದ್ದಾರೆ. ನಿಮ್ಮ ಆ ಒಂದು ಸಾಲು ಅವರಿಗೆ ಏನು ಮಾಡುತ್ತೆ ಅಂತ ಯೋಚಿಸಿ.

ಇನ್ನು ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ. ಅಪೊಸ್ತಲರ ಕೃತ್ಯಗಳು 16:31 ಅಂತ ಬರೀ ವಚನದ ಸಂಖ್ಯೆ ಹಾಕಿ ಮುಂದೆ ಹೋಗಿದ್ದೀರಲ್ಲ, ಇಡೀ ಲೇಖನ ಅಲ್ಲೇ ಇತ್ತು! ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ, ಸೀಲರ ಕಾಲಿಗೆ ಕೋಳ ಹಾಕಿದವನೇ ಅವನು. ಮಧ್ಯರಾತ್ರಿ ಭೂಕಂಪವಾಗಿ ಬಾಗಿಲುಗಳೆಲ್ಲ ತೆರೆದುಕೊಂಡವು. ಕೈದಿಗಳು ಓಡಿಹೋದರು ಅಂದುಕೊಂಡು ಕತ್ತಿ ಹಿರಿದು ಸಾಯಲು ಹೊರಟವನನ್ನು ಪೌಲನೇ ಕೂಗಿ ತಡೆದ. ರಕ್ಷಣೆ ಹೊಂದಲು ನಾನೇನು ಮಾಡಬೇಕು ಅಂತ ಕೇಳಿದ್ದು ಆಗ, ನಡುಗುತ್ತಾ. ಪುಣ್ಯ ಕೂಡಿಹಾಕಲು ಅವನಿಗೆ ಸಮಯವೇ ಇರಲಿಲ್ಲ, ‘ಕರ್ತನಾದ ಯೇಸುವನ್ನು ನಂಬು’ ಅನ್ನುವುದಷ್ಟೇ ಸಿಕ್ಕ ಉತ್ತರ. ಅದೇ ರಾತ್ರಿ ಅವನು ಅವರ ಗಾಯ ತೊಳೆದು, ಮನೆಗೆ ಕರೆದುಕೊಂಡು ಹೋಗಿ ಊಟ ಬಡಿಸಿದ. ಇದನ್ನು ನಿಧಾನವಾಗಿ, ನಿಮ್ಮದೇ ಮಾತಿನಲ್ಲಿ ಹೇಳಿ.

ಆ ಗಾಯ ತೊಳೆದದ್ದನ್ನು ಇಟ್ಟುಕೊಂಡೇ ಯಾಕೋಬನ ಹತ್ತಿರ ಹೋಗಬಹುದು. ನೀವು ಯಾಕೋಬನ ಪತ್ರದ 2:24 ಬಿಟ್ಟೇಬಿಟ್ಟಿದ್ದೀರಿ. ಮನುಷ್ಯ ನೀತಿವಂತ ಅನಿಸಿಕೊಳ್ಳುವುದು ಕ್ರಿಯೆಗಳಿಂದ, ಬರೀ ನಂಬಿಕೆಯಿಂದಲ್ಲ ಅಂತ ಅಲ್ಲಿ ಸ್ಪಷ್ಟವಾಗಿದೆ, ಓದುಗರು ತೆಗೆದು ನೋಡದೆ ಬಿಡುವುದಿಲ್ಲ. ನಂಬಿಕೆಯಿಂದಲೇ ರಕ್ಷಣೆ ಅಂತ ಸಾರಿದ ಸುಧಾರಕ ಮಾರ್ಟಿನ್ ಲೂಥರನಿಗೂ ಇದು ನುಂಗಲಾರದ ತುತ್ತಾಗಿತ್ತು, ತಾನು ಜರ್ಮನ್‌ಗೆ ಅನುವಾದಿಸಿದ 1522ರ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಯಾಕೋಬನ ಪತ್ರವನ್ನು ಹುಲ್ಲಿನ ಪತ್ರ ಅಂದ. ನನಗೆ ಅನಿಸುವುದು, ಪೌಲ ಮತ್ತು ಯಾಕೋಬ ಜಗಳವಾಡುತ್ತಿರುವುದು ಬೇರೆ ಬೇರೆ ಜನರ ಜೊತೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನ ಎದುರಿಗಿದ್ದವರು, ಯೆಹೂದ್ಯರಲ್ಲದವರಿಗೂ ಸುನ್ನತಿ ಆಗಲೇಬೇಕು ಅನ್ನುವವರು. ಯಾಕೋಬನ ಎದುರಿಗಿದ್ದವರು, ಬಟ್ಟೆ ಊಟ ಇಲ್ಲದವನಿಗೆ ಬರೀ ಬಾಯಿಮಾತಿನ ಹಾರೈಕೆ ಹೇಳಿ ಕಳಿಸುವವರು. ಅಂಥ ನಂಬಿಕೆ ದೆವ್ವಗಳಿಗೂ ಇದೆ ಅನ್ನುತ್ತಾನೆ. ನೀವು ಒಪ್ಪದಿದ್ದರೂ ಪರವಾಗಿಲ್ಲ, ಆದರೆ ಅವನನ್ನು ಎದುರಿಸಿ ಬರೆಯಿರಿ.

ಕ್ಯಾಥೊಲಿಕರು ಸತ್ಕಾರ್ಯದಿಂದ ಸ್ವರ್ಗ ಕೊಳ್ಳುತ್ತಾರೆ ಅನ್ನುವ ಪ್ಯಾರಾ ತೆಗೆಯಿರಿ. ಅದು ನಿಜವಲ್ಲ. ಕ್ರಿಸ್ತನ ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದಲೇ ನೀತಿವಂತರಾಗಬಹುದು ಅನ್ನುವುದನ್ನು 1547ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆಯೇ ಖಂಡಿಸಿದೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಇದರ ಬಗ್ಗೆ ಒಂದೇ ಹೇಳಿಕೆಗೆ ಸಹಿ ಹಾಕಿದ್ದಾರೆ. ಭಿನ್ನಾಭಿಪ್ರಾಯ ಇನ್ನೂ ಇದೆ, ಆದರೆ ಅದು ನೀವು ಬರೆದ ಹಾಗಿಲ್ಲ.

ವಚನಗಳನ್ನು ಮೂರು ನಾಲ್ಕಕ್ಕೆ ಇಳಿಸಿ. ಎರಡು ಪುಟ ಸಾಕು, ಜಾಸ್ತಿ ಬೇಡ. ತಿದ್ದಿದ್ದು ಕ್ರಿಸ್‌ಮಸ್ ಸಂಚಿಕೆಯ ಕೆಲಸ ಶುರುವಾಗುವ ಮೊದಲು ಕೈಸೇರಿದರೆ, ಕೂತು ಸಾಲು ಸಾಲಾಗಿ ನೋಡಿ ಉತ್ತರ ಬರೆಯುತ್ತೇನೆ.