ಸ್ಟ್ರಾಸ್‌ಬುರ್ಗ್‌ಗೆ ಹೊರಟಿರುವ ತಂಗಿಗೆ

ತಂಗಿ,

ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ, ಫ್ರಾನ್ಸಿನ ಸ್ಟ್ರಾಸ್‌ಬುರ್ಗ್‌ನ ಅಂತರರಾಷ್ಟ್ರೀಯ ಬಾಹ್ಯಾಕಾಶ ವಿಶ್ವವಿದ್ಯಾಲಯಕ್ಕೆ ಸೆಪ್ಟೆಂಬರಿನಲ್ಲಿ ಹೊರಡುತ್ತೇನೆಂದು ಬರೆದಿದ್ದೀಯೆ. ‘ಒಂದು ವರ್ಷದ ಓದಿನಲ್ಲಿ ಕಾನೂನು, ವೈದ್ಯ, ವ್ಯಾಪಾರ ಎಲ್ಲವನ್ನೂ ತುರುಕುತ್ತಾರಂತೆ ಅಣ್ಣ, ರಾಕೆಟ್ ಓದಬೇಕೆನ್ನುವವಳಿಗೆ ಇವೆಲ್ಲ ಏಕೆ? ಮುಗಿದ ಮೇಲೆ ಯುರೋಪಿನ ಬಾಹ್ಯಾಕಾಶ ಸಂಸ್ಥೆಯಲ್ಲಿ ಕೆಲಸ ಸಿಗುತ್ತದೆಯೇ? ಊಟ, ಚಳಿ ಹೇಗೆ?’ ಎಂದು ಕೇಳಿದ್ದೀಯೆ. ಅಣ್ಣ ಎಂದು ಕರೆದಿದ್ದರಿಂದ ನಾನೂ ತಂಗಿ ಎಂದೇ ಬರೆಯುತ್ತಿದ್ದೇನೆ.

ಚಳಿಗೆ ಬೂಟು, ಕೋಟು ಅಲ್ಲಿಯೇ ಕೊಂಡುಕೋ. ಅಕ್ಕಿ ಬೇಳೆ ಸಿಗುತ್ತವೆ. ಟ್ರಾಮ್ ಹತ್ತಿ ರೈನ್ ನದಿ ದಾಟಿದರೆ ಜರ್ಮನಿಯ ಕೇಲ್. ಸೋಪು, ಪೇಸ್ಟು ಅಲ್ಲಿ ಅಗ್ಗ. 2016ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಓದಲು ನಾನು ಬಂದಿಳಿದದ್ದು ಭಾನುವಾರ. ‘ಎ’ ಟ್ರಾಮ್ ಹಿಡಿದು ಇಲ್ಕಿರ್ಶ್‌ನ ಕೋಣೆ ಸೇರಿ, ಹಾಲು ತರೋಣವೆಂದು ಹೊರಟರೆ ಬೀದಿಗೆ ಬೀದಿಯೇ ಬಾಗಿಲು ಹಾಕಿತ್ತು. ಸ್ಟ್ರಾಸ್‌ಬುರ್ಗ್ ಇರುವ ಆಲ್ಸಾಸ್ ಪ್ರಾಂತ್ಯದಲ್ಲಿ ಭಾನುವಾರ ಬಹುತೇಕ ಅಂಗಡಿಗಳು ತೆರೆಯುವುದಿಲ್ಲ. ಅವ್ವ ಕಟ್ಟಿಕೊಟ್ಟಿದ್ದ ರೊಟ್ಟಿ, ಶೇಂಗಾ ಚಟ್ನಿಪುಡಿ ಆ ದಿನ ಕಾಪಾಡಿದವು. ವೀಸಾವನ್ನು ಮಾತ್ರ ಬಂದಿಳಿದ ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ದೃಢೀಕರಿಸು, ಮರೆಯಬೇಡ.

ಕೆಲಸದ ವಿಷಯ ನೇರವಾಗಿ ಹೇಳುತ್ತೇನೆ. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ಮುಖ್ಯವಾಗಿ ತನ್ನ ಸದಸ್ಯ ದೇಶಗಳ ಪ್ರಜೆಗಳನ್ನೇ ತೆಗೆದುಕೊಳ್ಳುತ್ತದೆ. ಭಾರತ ಆ ಪಟ್ಟಿಯಲ್ಲಿಲ್ಲ. ಅಂಕಪಟ್ಟಿಗಿಂತ ಮೊದಲು ಪಾಸ್‌ಪೋರ್ಟ್ ನೋಡುವ ಕ್ಷೇತ್ರ ಇದು. ಖಾಸಗಿ ಕಂಪನಿಗಳು ನಮ್ಮವರನ್ನು ತೆಗೆದುಕೊಳ್ಳುತ್ತವೆ, ನಾನು ತುಲೂಸ್‌ನಲ್ಲಿ ಅನ್ನ ತಿನ್ನುತ್ತಿರುವುದೂ ಹಾಗೆಯೇ. ಆದರೆ ಅನುಮತಿ ಪತ್ರಗಳಿಗೆ ತಿಂಗಳುಗಟ್ಟಲೆ ಹಿಡಿಯಬಹುದು. ಇಂಟರ್ನ್‌ಶಿಪ್ ಅರ್ಜಿಗಳನ್ನು ದೀಪಾವಳಿಯ ಹೊತ್ತಿಗೇ ಕಳುಹಿಸಲು ಶುರುಮಾಡು.

ಕಾನೂನು ಏಕೆ ಎಂದು ನಾನೂ ಮೂಗು ಮುರಿದಿದ್ದೆ. 1978ರಲ್ಲಿ ಪರಮಾಣು ರಿಯಾಕ್ಟರ್ ಹೊತ್ತ ಸೋವಿಯತ್ ಉಪಗ್ರಹ ಕಾಸ್ಮೋಸ್ 954 ಕೆನಡಾದ ಹಿಮಭೂಮಿಯ ಮೇಲೆ ಚೂರುಚೂರಾಗಿ ಬಿತ್ತು. ಕೆನಡಾ ಸುಮಾರು 60 ಲಕ್ಷ ಕೆನಡಿಯನ್ ಡಾಲರ್ ಕೇಳಿತು, 1981ರಲ್ಲಿ 30 ಲಕ್ಷಕ್ಕೆ ವ್ಯವಹಾರ ಮುಗಿಯಿತು. ಹಾರಿಸಿದವನಿಗೆ ಬಿದ್ದದ್ದರ ಲೆಕ್ಕವೂ ಇದೆ ಎಂಬುದು ಆಮೇಲೆ ತಲೆಗೆ ಹೋಯಿತು. ಅಡಮಾರಿನ ಯು.ಆರ್. ರಾವ್ ಅವರ ತಂಡ ಪೀಣ್ಯದ ಶೆಡ್ಡುಗಳಲ್ಲಿ ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿ 1975ರಲ್ಲಿ ಕಕ್ಷೆಗೆ ಕಳುಹಿಸಿದ ಕಥೆಯನ್ನು ಮಾತ್ರ ನಾನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ರಾಕೆಟ್ ಸೋವಿಯತ್ತರದ್ದು ಎಂಬುದನ್ನು ಸ್ವಲ್ಪ ಮೆಲ್ಲಗೆ.

ಈಗಲೂ ಕೊರೆಯುವುದು ತಂಡದ ಯೋಜನೆ. ಅಲ್ಲಿ ವಕೀಲರು, ವೈದ್ಯರು, ಇಂಜಿನಿಯರುಗಳು ಎಲ್ಲರೂ ಸೇರಿ ಒಂದೇ ವರದಿ ಬರೆಯಬೇಕು. ನಮ್ಮ ತಂಡಕ್ಕೆ ಬಂದದ್ದು ಮಳೆಯಾಶ್ರಿತ ಬೇಸಾಯಕ್ಕೆ ಉಪಗ್ರಹದ ನೆರವು. ಚಳ್ಳಕೆರೆಯ ಶೇಂಗಾ ಹೊಲದಲ್ಲಿ ಬೆಳೆದವನು ನಾನೊಬ್ಬನೇ. ಆಫ್ರಿಕಾದಿಂದ ಬಂದಿದ್ದ ಅರ್ಥಶಾಸ್ತ್ರದ ಗೆಳತಿಯೊಬ್ಬಳು ಮೊದಲ ಸಭೆಯಲ್ಲೇ ಕೇಳಿದಳು: ‘ಬಿತ್ತುವ ದಿನವನ್ನು ರೈತ ಹೇಗೆ ತೀರ್ಮಾನಿಸುತ್ತಾನೆ?’ ನಾನು ಎದ್ದು ನಿಂತು ಯುರೋಪಿನ ಸೆಂಟಿನೆಲ್-2 ಉಪಗ್ರಹದ ಹತ್ತು ಮೀಟರ್ ಸ್ಪಷ್ಟತೆಯ ಚಿತ್ರಗಳ ಬಗ್ಗೆ, ಮಳೆಗಾಲದ ಮೋಡ ಅದಕ್ಕೆ ಅಡ್ಡಬಂದರೆ ಸೆಂಟಿನೆಲ್-1ರ ರೇಡಾರ್ ಹೇಗೆ ನೋಡುತ್ತದೆ ಎಂಬುದರ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಿದೆ. ಅವಳು ಕೇಳಿದ್ದು ಅದನ್ನಲ್ಲ. ಗೊತ್ತಿದ್ದೂ ಮಾತನಾಡಿದೆ. ಹೊಲ, ಬಿತ್ತುವ ಕೂರಿಗೆ ಎಂದರೆ ನನ್ನನ್ನು ಇಂಜಿನಿಯರ್ ಎಂದು ಎಣಿಸುವುದಿಲ್ಲವೇನೋ ಎಂಬ ಅಳುಕು.

ವರದಿ ಅಚ್ಚಾದ ಮೇಲೆ ಅಪ್ಪನಿಗೆ ಫೋನಿನಲ್ಲಿ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ‘ಆರಿದ್ರಾ ಮಳೆಗೆ ಹದ ಬಂದಿದೆಯೆಂದು ನಿನ್ನ ಉಪಗ್ರಹ ಹೇಳುವುದೇನೋ ಸರಿ. ಕಾಲಿಗೆ ಮಣ್ಣು ಅಂಟಿದರೆ ನನಗೂ ಗೊತ್ತಾಗುತ್ತದೆ. ಬೀಜ ಆ ಹೊತ್ತಿಗೆ ಬಂದಿರಬೇಕಲ್ಲ? ಬೀಜಕ್ಕೆ ದುಡ್ಡು ಬೇಕಲ್ಲ? ನಮ್ಮದು ಮುಗಿಯುವವರೆಗೆ ಪಕ್ಕದವನು ಕೂರಿಗೆ ಕೊಡಬೇಕಲ್ಲ?’ ಎಂದರು. ನಮ್ಮ ವರದಿಯಲ್ಲಿ ಬೀಜ, ಸಾಲ, ಕೂರಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ತಂಡದಲ್ಲಿ ಅವನ್ನು ಬರೆಯಬಲ್ಲವನಾಗಿದ್ದವನು ನಾನು. ಆ ಗೆಳತಿಗೆ ಇದನ್ನು ಬರೆದು ತಿಳಿಸಬೇಕೆಂದುಕೊಂಡೆ, ಪದವಿ ಪ್ರದಾನದ ದಿನ ಫೋಟೋ ತೆಗೆಸಿಕೊಳ್ಳುವ ಗಡಿಬಿಡಿಯಲ್ಲಿ ಅದೂ ಉಳಿದುಹೋಯಿತು.

ನೀನು ಹಿರಿಯೂರಿನ ಕಡೆಯವಳು. ವೇದಾವತಿ, ವಾಣಿವಿಲಾಸ ಸಾಗರದ ನೀರಿನ ಜಗಳ ನಿನಗೆ ಹೇಳಿಕೊಡಬೇಕಿಲ್ಲ. ನೀರಿನ ಮಾತು ಬಂದಾಗ ಬಾಯಿ ಬಿಡು, ರಾಕೆಟ್ ಎಂಜಿನ್ನಿನ ಹಿಂದೆ ಅಡಗಬೇಡ.

ಪೆಟ್ಟಿಗೆಯಲ್ಲಿ ತುಪ್ಪ, ಪೇಡ ಇಡಬೇಡ. ಹಾಲಿನ ಪದಾರ್ಥಗಳನ್ನು ಯುರೋಪಿನ ಕಸ್ಟಮ್ಸ್‌ನವರು ಬಿಡುವುದಿಲ್ಲ. ಚಟ್ನಿಪುಡಿ ತರಬಹುದು, ಎರಡು ಪೊಟ್ಟಣ ಹೆಚ್ಚಿಗೆ ಇರಲಿ. ಮುಂದಿನ ಸಲ ಬರೆಯುವಾಗ ನಿಮ್ಮ ಕಡೆ ಈ ವರ್ಷ ಶೇಂಗಾ ಬಿತ್ತನೆ ಆಯಿತೇ, ಯಾವ ಮಳೆಗೆ ಆಯಿತು ಎಂದು ತಿಳಿಸು.