ಪ್ರಾಸ್ಟೇಟ್ ಕ್ಯಾನ್ಸರಿಗೆ ನೇರವಾಗಿ ಲುಟೇಶಿಯಂ ಕೊಡಬಾರದೇ, ಸ್ಕ್ಯಾನ್ ಯಾಕೆ ಮೊದಲು?

ತಂದೆಯವರಿಗೆ ಡಾಕ್ಟರು ಮೊದಲು ಗ್ಯಾಲಿಯಂ ಸ್ಕ್ಯಾನ್, ಆಮೇಲೆ ನೋಡಿಕೊಂಡು ಲುಟೇಶಿಯಂ ಚಿಕಿತ್ಸೆ ಎಂದಿದ್ದಾರೆ. ಎರಡೂ ವಿಕಿರಣವೇ ಅಂದಮೇಲೆ ಮೊದಲಿನದಕ್ಕೆ ಯಾಕೆ ದುಡ್ಡು ಸುರಿಯಬೇಕು ಎಂದು ಕೇಳಿದ್ದೀರಿ. ನಾನು ಆಸ್ಪತ್ರೆಯ ಹಾಟ್ ಲ್ಯಾಬ್‌ನಲ್ಲಿ, ಅಂದರೆ ವಿಕಿರಣದ ಮದ್ದು ಸಿದ್ಧಪಡಿಸುವ ಕೋಣೆಯಲ್ಲಿ, ಈ ಎರಡೂ ಮದ್ದುಗಳನ್ನು ತಯಾರಿಸುವವಳು. ದಯವಿಟ್ಟು ಸ್ಕ್ಯಾನ್ ಬಿಡಬೇಡಿ.

ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೈಮೇಲೆ ಪಿಎಸ್‌ಎಂಎ ಎಂಬ ಪ್ರೋಟೀನು ಸಾಮಾನ್ಯವಾಗಿ ದಟ್ಟವಾಗಿರುತ್ತದೆ. ಅದನ್ನು ಹುಡುಕಿ ಅಂಟಿಕೊಳ್ಳುವ ಪುಟ್ಟ ಅಣುವೊಂದಿದೆ, ಅದರ ತುದಿಯಲ್ಲಿ ಲೋಹವನ್ನು ಹಿಡಿದಿಡುವ ಪಂಜರ. ಪಂಜರದಲ್ಲಿ ಗ್ಯಾಲಿಯಂ-68 ಇಟ್ಟರೆ ಅಂಟಿದ ಜಾಗವೆಲ್ಲ ಪೆಟ್ ಸ್ಕ್ಯಾನ್‌ನಲ್ಲಿ ಬೆಳಗುತ್ತದೆ. ಲುಟೇಶಿಯಂ-177 ಇಟ್ಟರೆ ಅದರ ಬೀಟಾ ಕಣಗಳು ಹೆಚ್ಚೆಂದರೆ ಸುಮಾರು 2 ಮಿಲಿಮೀಟರ್ ದೂರ ಹೋಗಿ ಅಲ್ಲಿನ ಕೋಶಗಳನ್ನು ಸುಡುತ್ತವೆ. ಅಣುವಿನ ರಚನೆ ತುಸು ಬೇರೆಯಾಗಿರಬಹುದು, ವಿಳಾಸ ಒಂದೇ. ಗ್ಯಾಲಿಯಂ ಹೋಗಿ ಕೂರದ ಗಡ್ಡೆಗೆ ಲುಟೇಶಿಯಂ ಕೂಡ ಹೋಗುವುದಿಲ್ಲ.

ಇಂಥ ಮದ್ದು ರೂಪಿಸುವಾಗ ನಿಜವಾದ ಕಷ್ಟ ಅಂಟಿಸುವುದಷ್ಟೇ ಅಲ್ಲ, ಉಳಿದದ್ದನ್ನು ಮೈಯಿಂದ ಬೇಗ ಹೊರಗೆ ಕಳಿಸುವುದು. ಜರ್ಮನಿಯ ಹೈಡಲ್‌ಬರ್ಗ್‌ನವರು ಅಣುವಿಗೂ ಪಂಜರಕ್ಕೂ ನಡುವಿನ ಕೊಂಡಿಯನ್ನು ಬದಲಿಸಿ ಪಿಎಸ್‌ಎಂಎ-617 ಮಾಡಿದರು. ಗಡ್ಡೆಯಲ್ಲಿ ಚೆನ್ನಾಗಿ ನಿಂತಿತು, ಕಿಡ್ನಿಯಿಂದ ಬೇಗ ಇಳಿಯಿತು. ಹಾರ್ಮೋನು, ಕೀಮೋ ಎಲ್ಲ ಆಗಿಯೂ ರೋಗ ಹಬ್ಬಿದ 831 ಮಂದಿಯ ಮೇಲೆ ಲುಟೇಶಿಯಂ ಜೊತೆ ಅದನ್ನು ಪರೀಕ್ಷಿಸಿದಾಗ ಬದುಕಿನ ಮಧ್ಯಮ ಅವಧಿ 11.3 ತಿಂಗಳಿಂದ 15.3ಕ್ಕೆ ಏರಿತು. 2022ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆ ನಾಲ್ಕು ತಿಂಗಳು ಒಂದು ಮನೆಗೆ ಎಷ್ಟು ದೊಡ್ಡದೆಂದು ನಾನು ಕಣ್ಣಾರೆ ಕಂಡಿದ್ದೇನೆ.

ಲುಟೇಶಿಯಂನ ವಿಕಿರಣ ತಾನಾಗಿ ಅರ್ಧಕ್ಕಿಳಿಯಲು ಆರೂವರೆ ದಿನದ ಮೇಲೆ ಬೇಕು. ಹಾಗಾಗಿ ಮುಂಬೈನ ಟ್ರಾಂಬೆಯ ಧ್ರುವ ಪರಮಾಣು ರಿಯಾಕ್ಟರಿನಲ್ಲಿ ತಯಾರಾದದ್ದು ದೂರದ ಊರಿಗೂ ಬಂದು ಮುಟ್ಟುತ್ತದೆ. ಗ್ಯಾಲಿಯಂಗೆ 68 ನಿಮಿಷ ಅಷ್ಟೇ. ಗ್ಯಾಲಿಯಂ ಹುಟ್ಟುತ್ತಲೇ ಇರುವ ಜನರೇಟರ್ ಎಂಬ ಪುಟ್ಟ ಸಾಧನದಿಂದ ಹಾಲು ಕರೆದಂತೆ ಆಗಿಂದಾಗಲೇ ಕರೆದು, ಅಣುವಿಗೆ ಕೂಡಿಸಿ, ಶುದ್ಧವಾಗಿದೆಯೇ ಎಂದು ಕಾಗದದ ಪಟ್ಟಿಯ ಮೇಲೆ ಹರಿಸಿ ನೋಡಿ, ಸೀಸದ ಡಬ್ಬಿಯಲ್ಲಿಟ್ಟು ಕೊಡುತ್ತೇವೆ. ಒಮ್ಮೆ ಹಿರಿಯರೊಬ್ಬರ ರೈಲು ತಡವಾಯಿತು. ಒಂಬತ್ತಕ್ಕೆ ಸಿದ್ಧವಾಗಿದ್ದ ಡೋಸು ಹನ್ನೊಂದೂಕಾಲಕ್ಕೆ ಕಾಲು ಭಾಗ ಉಳಿದಿತ್ತು. ಅಂದು ಸ್ಕ್ಯಾನ್ ಆಗಲೇ ಇಲ್ಲ, ಅವರ ಮುಖ ಇನ್ನೂ ನೆನಪಿದೆ. ನೀವು ಹೊರಊರಿನವರಾದರೆ ಹಿಂದಿನ ದಿನವೇ ಬಂದು ಉಳಿದುಕೊಳ್ಳಿ.

ಚಿತ್ರ ಬಂದಮೇಲೆ ಡಾಕ್ಟರ ಪಕ್ಕ ಕೂತು ನೋಡಿ. ಕಿಡ್ನಿ, ಜೊಲ್ಲು ಗ್ರಂಥಿ, ಮೂತ್ರಕೋಶ ಹೊಳೆಯುತ್ತಿದ್ದರೆ ಗಾಬರಿ ಬೇಡ, ಎಲ್ಲರಿಗೂ ಹಾಗೆಯೇ. ಕೇಳಬೇಕಾದದ್ದು ಇಷ್ಟು: ಗಡ್ಡೆಗಳೆಲ್ಲ ಹೊಳೆಯುತ್ತಿವೆಯೇ, ಹೊಳೆಯದೆ ಉಳಿದದ್ದು ಯಾವುದಾದರೂ ಇದೆಯೇ?